ಬೀದರಿನ ಮಿನಾರಿನ ಜೋಡಿಯನ್ನು ಹುಡುಕುತ್ತ ಆರು ದಿನ

ಬೀದರಿನ ಹಳೆಯ ಊರಿನಲ್ಲಿ ಚೌಬಾರಾದಿಂದ ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ನಾನು ಹತ್ತು ವರ್ಷ ಶಾಲೆಗೆ ನಡೆದಿದ್ದೇನೆ. ಆ ರಸ್ತೆಯಲ್ಲೇ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ಇದೆ. 1472ರಲ್ಲಿ ಕಟ್ಟಿದ್ದು. ಮುಂಭಾಗದ ಒಂದು ಮೂಲೆಯಲ್ಲಿ ಎತ್ತರದ ಮಿನಾರ್ ನಿಂತಿದೆ, ಇನ್ನೊಂದು ಮೂಲೆ ಬರಿದಾಗಿದೆ. 17ನೆಯ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಒಳಗೆ ಕೂಡಿಟ್ಟಿದ್ದ ಸಿಡಿಮದ್ದು ಸಿಡಿದು ಆ ಮಿನಾರೂ ಮುಂಭಾಗದ ಬಹುಪಾಲು ಗೋಡೆಯೂ ಉರುಳಿದವು. ಉಳಿದ ಗೋಡೆಯ ಮೇಲೆ ಅಲ್ಲಲ್ಲಿ ನೀಲಿ, ಬಿಳಿ, ಹಸಿರು ಟೈಲ್ಸ್ ಚೂರುಗಳು ಅಂಟಿಕೊಂಡಿವೆ. ಮಳೆ ನಿಂತ ಮೇಲೆ ಅವು ಹೊಳೆಯುವುದನ್ನು ನೋಡುತ್ತ ಎಷ್ಟೋ ಸಲ ಶಾಲೆಗೆ ತಡವಾಗಿ ಹೋಗಿದ್ದೇನೆ. ಇದು ಪೂರ್ತಿಯಾಗಿದ್ದಾಗ ಹೇಗಿತ್ತು ಎಂದು ಅಪ್ಪನನ್ನು ಕೇಳಿದ್ದೆ. “ಅದನ್ನು ನೋಡಬೇಕಾದರೆ ಸಮರ್ಕಂದಿಗೆ ಹೋಗಬೇಕವ್ವಾ” ಎಂದಿದ್ದರು.

ಆಗ ಸಮರ್ಕಂದ್ ಎಂದರೆ ನನಗೆ ಒಂದು ಹೆಸರು ಮಾತ್ರ. ಮುಂದೆ ವೈದ್ಯಕೀಯ ಓದಲು ಅದೇ ದೇಶದ, ಉಜ್ಬೇಕಿಸ್ತಾನದ, ರಾಜಧಾನಿ ತಾಷ್ಕೆಂಟಿಗೆ ಬಂದೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ತೀರಿಕೊಂಡ ಊರು ಎಂದು ನಮ್ಮ ಮನೆಯವರೆಲ್ಲ ಬಲ್ಲ ತಾಷ್ಕೆಂಟ್. ಮೊದಲೆರಡು ವರ್ಷ ಅಂಗರಚನಾಶಾಸ್ತ್ರ ಮತ್ತು ರಷ್ಯನ್ ಭಾಷೆ ನನ್ನನ್ನು ಎಲ್ಲಿಗೂ ಹೋಗಲು ಬಿಡಲಿಲ್ಲ. ಮೂರನೆಯ ವರ್ಷ, 2023ರ ಮಾರ್ಚಿನಲ್ಲಿ, ಇಲ್ಲಿಯ ವಸಂತದ ಹೊಸ ವರ್ಷವಾದ ನವ್ರೋಜ್ ಹಬ್ಬದ ಆಸುಪಾಸಿನಲ್ಲಿ ಆರು ದಿನ ಬಿಡುವು ಸಿಕ್ಕಿತು. ಏಳು ಜನ ಹೊರಟೆವು: ನಾನು, ಕಲಬುರಗಿಯ ಸೀನಿಯರ್ ಅಕ್ಕ, ಶಿಡ್ಲಘಟ್ಟದ ಹುಡುಗ, ಕೇರಳದ ಇಬ್ಬರು, ಜೈಪುರದ ಒಬ್ಬ, ಮತ್ತು ನಮ್ಮ ತರಗತಿಯ ಉಜ್ಬೆಕ್ ಗೆಳತಿ. ಅವಳ ಊರು ಬುಖಾರಾ.

ಮೊದಲ ದಿನ, ಮಾರ್ಚ್ 18

ಅಫ್ರೋಸಿಯೋಬ್ ಎಂಬ ವೇಗದ ರೈಲು ಎರಡು ಗಂಟೆ ಚಿಲ್ಲರೆಯಲ್ಲಿ ಸಮರ್ಕಂದ್ ಮುಟ್ಟಿಸುತ್ತದೆ. ಹಬ್ಬದ ನೂಕುನುಗ್ಗಲಿನಲ್ಲಿ ಅದರ ಟಿಕೆಟ್ ನಮಗೆ ಸಿಗಲಿಲ್ಲ. ನಿಧಾನದ ರೈಲಿನಲ್ಲಿ ಹೋದದ್ದೇ ಒಳ್ಳೆಯದಾಯಿತು. ಹಳ್ಳಿಗಳ ಅಂಗಳದಲ್ಲಿ ಜರ್ದಾಳು ಮರಗಳು ಎಲೆ ಬರುವ ಮೊದಲೇ ಬಿಳಿಯಾಗಿ ಹೂ ತುಂಬಿಕೊಂಡು ನಿಂತಿದ್ದವು. ಕಾಲುವೆಗಳ ಉದ್ದಕ್ಕೂ ತಲೆ ಸವರಿದ ಗಿಡ್ಡ ಮರಗಳ ಸಾಲು. ಅವು ಏನೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಶಿಡ್ಲಘಟ್ಟದವನು ಕಿಟಕಿಗೆ ಮುಖ ಒತ್ತಿ ನೋಡಿ, “ಹಿಪ್ಪುನೇರಳೆ!” ಎಂದು ಕೂಗಿದ. ಅವನ ಮನೆಯವರು ರೇಷ್ಮೆ ಬೆಳೆಗಾರರು. ನಮ್ಮಲ್ಲಿ ಹಿಪ್ಪುನೇರಳೆಯನ್ನು ತೋಟದಲ್ಲಿ ಪೊದೆಯಾಗಿ ಬೆಳೆಸುತ್ತಾರೆ, ಇಲ್ಲಿ ಹೊಲದ ಅಂಚಿನಲ್ಲಿ ಮರವಾಗಿ ಬಿಡುತ್ತಾರೆ. ಸಮರ್ಕಂದ್ ಬರುವವರೆಗೂ ಅವನು ಆ ಸಾಲುಗಳಿಂದ ಕಣ್ಣು ಕೀಳಲಿಲ್ಲ.

ಸಂಜೆ ರೇಗಿಸ್ತಾನ್. ಮರಳ ನೆಲ ಎಂದು ಆ ಹೆಸರಿನ ಅರ್ಥ. ಮೂರು ಕಡೆ ಮೂರು ಮದರಸಾಗಳು, ನಡುವೆ ವಿಶಾಲವಾದ ಅಂಗಳ. ಎಡಕ್ಕೆ ಸಮರ್ಕಂದನ್ನು ಆಳಿದ ಉಲೂಗ್ ಬೇಗ್ ಕಟ್ಟಿಸಿದ್ದು, 1417ರಿಂದ 1420. ಅದರ ಎದುರಿಗೆ ಶೇರ್‌ದೋರ್, 1636ರಲ್ಲಿ ಮುಗಿದದ್ದು. ನಡುವೆ ತಿಲ್ಯಾ ಕೋರಿ, 1660ರದ್ದು. ನಾನು ಉಳಿದ ಎರಡನ್ನು ಆಗ ಸರಿಯಾಗಿ ನೋಡಲೇ ಇಲ್ಲ. ಉಲೂಗ್ ಬೇಗನ ಮದರಸಾದ ಮುಂದೆ ನಿಂತೆ. ನಡುವೆ ಆಕಾಶಕ್ಕೆ ತೆರೆದ ದೊಡ್ಡ ಕಮಾನು, ಎರಡು ಮೂಲೆಗಳಲ್ಲಿ ಎರಡು ಮಿನಾರ್, ಬುಡದಿಂದ ನೆತ್ತಿಯವರೆಗೆ ಓರೆಯಾಗಿ ಸುತ್ತಿಕೊಂಡು ಏರುವ ನೀಲಿ ಗೆರೆಗಳು. ಬೀದರಿನಲ್ಲಿ ನಾನು ಅರ್ಧ ಮಾತ್ರ ಕಂಡಿದ್ದದ್ದು ಇಲ್ಲಿ ಪೂರ್ತಿಯಾಗಿ ನಿಂತಿತ್ತು. ಕಣ್ಣು ತುಂಬಿ ಬಂತು. ಅಕ್ಕ ಏನಾಯಿತೆಂದು ಕೇಳಿದರು. “ಇದು ನಮ್ಮೂರಿನದು ಅಕ್ಕಾ” ಎಂದೆ. ಅವರೂ ಬೀದರಿಗೆ ಬಂದವರು, ತಕ್ಷಣ ಅರ್ಥ ಮಾಡಿಕೊಂಡರು.

ಶೇರ್‌ದೋರ್ ಎಂದರೆ ಹುಲಿಗಳುಳ್ಳದ್ದು. ಬಾಗಿಲ ಕಮಾನಿನ ಎರಡು ಬದಿಗಳಲ್ಲಿ ಕಿತ್ತಳೆ ಬಣ್ಣದ ಹುಲಿಗಳು ಬಿಳಿ ಜಿಂಕೆಗಳ ಬೆನ್ನು ಹತ್ತಿವೆ, ಬೆನ್ನ ಮೇಲೆ ಮನುಷ್ಯನ ಮುಖವಿರುವ ಸೂರ್ಯ. ಬೀದರ್ ಕೋಟೆಯ ಶರ್ಜಾ ದರವಾಜಾದ ಮೇಲೂ ಕಲ್ಲಿನ ಎರಡು ಹುಲಿಗಳಿವೆ. ಜೈಪುರದವನಿಗೆ ಮೊಬೈಲಿನಲ್ಲಿ ಅವುಗಳ ಫೋಟೋ ತೋರಿಸಿದೆ.

ಒಳಗಿನ ಒಂದು ಕೋಣೆಯಲ್ಲಿ ಹಳೆಯ ಕಪ್ಪುಬಿಳುಪು ಚಿತ್ರಗಳಿವೆ. ಅವುಗಳಲ್ಲಿ ಈ ರೇಗಿಸ್ತಾನ್ ಇಟ್ಟಿಗೆ ಉದುರಿದ, ಬಣ್ಣ ಕಳಚಿದ ಪಾಳು ಜಾಗ. ಉಲೂಗ್ ಬೇಗ್ ಮದರಸಾದ ಒಂದು ಮಿನಾರ್ ವಾಲಿ ಬೀಳುವಂತಾಗಿತ್ತು. 1932ರಲ್ಲಿ ವ್ಲದಿಮಿರ್ ಶೂಖೊವ್ ಎಂಬ ರಷ್ಯನ್ ಎಂಜಿನಿಯರ್ ಅದನ್ನು ಬಿಚ್ಚದೆ, ಇಡೀ ಗೋಪುರವನ್ನೇ ಹಾಗೆಯೇ ಎತ್ತಿ ನೆಟ್ಟಗೆ ನಿಲ್ಲಿಸಿದರು. ತಿಲ್ಯಾ ಕೋರಿಯ ನೀಲಿ ಗುಮ್ಮಟ ಸೋವಿಯತ್ ಕಾಲದಲ್ಲಿ ಹೊಸದಾಗಿ ಕಟ್ಟಿದ್ದು. ಅಷ್ಟೊಂದು ಹೊಸದನ್ನು ಸೇರಿಸಬಾರದಿತ್ತು ಎಂದು ಕೇರಳದ ಗೆಳತಿ ವಾದಿಸಿದಳು. ಗುಮ್ಮಟದ ಮಟ್ಟಿಗೆ ಅವಳ ಮಾತು ಸರಿಯೆಂದೇ ನನಗೂ ಅನಿಸಿತು. ಆದರೆ ಶೂಖೊವ್ ಮಾಡಿದ ಕೆಲಸಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಬೀಳುವುದನ್ನು ಬೀಳಲು ಬಿಡದೆ ಹಿಡಿದುಕೊಂಡವರು ಅವರು.

ಎರಡನೆಯ ದಿನ, ಮಾರ್ಚ್ 19

ಗೂರ್ ಎಮೀರ್, ತೈಮೂರನ ಸಮಾಧಿ. 1398ರಲ್ಲಿ ದಿಲ್ಲಿಯನ್ನು ಸೂರೆ ಮಾಡಿದವನ ಮುಂದೆ ಭಕ್ತಿಯಿಂದ ನಿಲ್ಲಲು ನನ್ನಿಂದ ಆಗಲಿಲ್ಲ. ನಮ್ಮ ಗೆಳತಿಗೆ ಅವನು ನಾಡಿನ ವೀರ. ಇಬ್ಬರೂ ಆ ಮಾತೆತ್ತದೆ ಸುಮ್ಮನೆ ನಿಂತೆವು. ಕಪ್ಪು ಹಸಿರಿನ ಕಲ್ಲು ಅವನದು. ಅವನ ತಲೆಯ ಕಡೆ ಅವನ ಗುರು ಸೈಯದ್ ಬರಾಕನ ಗೋರಿ. ಗುರುವಿನ ಪಾದದ ಬಳಿ ಮಲಗಬೇಕೆಂಬುದು ಅವನ ಇಚ್ಛೆಯಾಗಿತ್ತಂತೆ. ತೈಮೂರನ ಕಾಲ ಬಳಿ ಮೊಮ್ಮಗ ಉಲೂಗ್ ಬೇಗ್. ಬೀಬಿ ಖಾನಿಮ್ ಮಸೀದಿಗೂ ಹೋದೆವು. ದಿಲ್ಲಿಯಿಂದ ಹೊಡೆದುಕೊಂಡು ಬಂದ ಆನೆಗಳಿಂದ ಅದರ ಕಲ್ಲು ಎಳೆಸಿದರು ಎಂದು ಓದಿದ ಮೇಲೆ ಆ ಎತ್ತರದ ಬಾಗಿಲನ್ನು ನೋಡುವಾಗ ಆ ಆನೆಗಳೇ ಕಣ್ಣ ಮುಂದೆ ಬಂದವು.

ಪಕ್ಕದ ಸಿಯಾಬ್ ಬಜಾರಿನಲ್ಲಿ ಊಟ. ನಾನು ಸಸ್ಯಾಹಾರಿ. ಉಜ್ಬೇಕಿಸ್ತಾನದಲ್ಲಿ ಅದು ಸುಲಭವಲ್ಲ, ಆದರೆ ವಸಂತದಲ್ಲಿ ಸುಲಭ. ಎಳೆಯ ಸೊಪ್ಪುಗಳನ್ನು ತುಂಬಿ ತಂದೂರಿನಲ್ಲಿ ಬೇಯಿಸಿದ ಹಸಿರು ಸೋಮ್ಸಾ ಈ ಕೆಲವು ವಾರ ಮಾತ್ರ ಸಿಗುತ್ತದೆ. ಜೊತೆಗೆ ಸಮರ್ಕಂದಿನ ನಾನ್, ಇಲ್ಲಿಯವರ ಬಾಯಲ್ಲಿ ನೋನ್. ಕೈಯಲ್ಲಿ ಹಿಡಿದರೆ ಭಾರ, ಅಂಚು ದಪ್ಪ, ಮೇಲ್ಮೈ ಹೊಳಪು, ನಡುವೆ ಮೊಳೆ ಹೊಡೆದ ಮರದ ಅಚ್ಚಿನಿಂದ ಒತ್ತಿದ ಹೂವಿನ ಗುರುತು. ಆ ಚುಕ್ಕೆಗಳಿಂದಾಗಿ ನಡುಭಾಗ ಉಬ್ಬದೆ ತೆಳ್ಳಗೆ ಉಳಿಯುತ್ತದೆ. ಮಾರುವ ಅಜ್ಜಿ ನಾನು ರೊಟ್ಟಿಯನ್ನು ಬೋರಲಾಗಿ ಇಟ್ಟದ್ದನ್ನು ನೋಡಿ, ಮಾತಾಡದೆ, ಎತ್ತಿ ಮುಖ ಮೇಲೆ ಮಾಡಿ ಇಟ್ಟರು. ಅನ್ನಕ್ಕೆ ಕಾಲು ತಗಲಿದರೆ ಕಣ್ಣಿಗೆ ಒತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಮಧ್ಯಾಹ್ನ ಉಲೂಗ್ ಬೇಗನ ವೀಕ್ಷಣಾಲಯ. ಮೇಲೆ ನೋಡಲು ಏನೂ ಉಳಿದಿಲ್ಲ. 1908ರಲ್ಲಿ ವ್ಯಾತ್ಕಿನ್ ಎಂಬ ಪುರಾತತ್ವಜ್ಞ ಅಗೆದು ತೆಗೆದ ಒಂದು ಕಂದಕ, ಅದರೊಳಗೆ ಬಾಗಿ ಇಳಿಯುವ ಎರಡು ಅಮೃತಶಿಲೆಯ ಹಳಿಗಳು. ಸುಮಾರು 40 ಮೀಟರ್ ತ್ರಿಜ್ಯದ ಕಮಾನಿನ ಕೆಳತುದಿ ಅದು. ಮೇಲಿನಿಂದ ಬಿದ್ದ ಬೆಳಕು ಈ ಹಳಿಗಳ ಮೇಲೆ ಯಾವ ಗುರುತಿಗೆ ಬಂತು ಎಂದು ನೋಡಿ ಸೂರ್ಯನ ಎತ್ತರ ಅಳೆಯುತ್ತಿದ್ದರು. ದೂರದರ್ಶಕ ಇನ್ನೂ ಹುಟ್ಟಿರದ ಆ ಕಾಲದಲ್ಲಿ 1018 ನಕ್ಷತ್ರಗಳ ಪಟ್ಟಿ ಮಾಡಿದರು, ಅದು 1437ರಲ್ಲಿ ಸಿದ್ಧವಾಯಿತು. ವರ್ಷದ ಉದ್ದವನ್ನು ಒಂದು ನಿಮಿಷದಷ್ಟೂ ತಪ್ಪದಂತೆ ಲೆಕ್ಕ ಹಾಕಿದರು. ಅಂಥ ಅರಸನನ್ನು 1449ರಲ್ಲಿ ಸ್ವಂತ ಮಗನೇ ಕೊಲ್ಲಿಸಿದ. ವೀಕ್ಷಣಾಲಯ ನೆಲಸಮವಾಯಿತು.

ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ನಾನು ಗವಾನನನ್ನು ನೆನೆದೆ. ಅವನು ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಮಂತ್ರಿಯಾದವನು. ಬೀದರಿನಲ್ಲಿ ಕುಳಿತು ಹೇರಾತಿನ ಜಾಮಿ ಕವಿಗೆ ಪತ್ರ ಬರೆಯುತ್ತಿದ್ದ. ಆ ಜಾಮಿ ತರುಣನಾಗಿದ್ದಾಗ ಓದಿದ್ದು ಇದೇ ಸಮರ್ಕಂದಿನಲ್ಲಿ, ಉಲೂಗ್ ಬೇಗನ ವಿದ್ವಾಂಸರ ಬಳಿ. ಅಂದರೆ ನಮ್ಮೂರಿನ ಮದರಸಾಕ್ಕೂ ಇಲ್ಲಿಯ ಮದರಸಾಕ್ಕೂ ನಡುವೆ ಬರೀ ಟೈಲ್ಸ್ ಹೋಲಿಕೆಯಿಲ್ಲ, ಕಾಗದ ಪತ್ರಗಳ ನಂಟಿದೆ. ಗವಾನನನ್ನೂ 1481ರಲ್ಲಿ ಅವನ ಸುಲ್ತಾನನೇ ಸುಳ್ಳು ಪತ್ರವೊಂದನ್ನು ನಂಬಿ ಕೊಲ್ಲಿಸಿದ. ಓದಿಗೆ ಮನೆ ಕಟ್ಟಿದ ಇಬ್ಬರಿಗೂ ತಮ್ಮವರಿಂದಲೇ ಸಾವು ಬಂತು. ಈ ಎರಡು ಸಾವುಗಳನ್ನು ಒಟ್ಟಿಗೆ ನೆನೆದದ್ದು ಅದೇ ಮೊದಲ ಸಲ. ರಾತ್ರಿ ನಿದ್ದೆ ಬೇಗ ಬರಲಿಲ್ಲ.

ಮೂರನೆಯ ದಿನ, ಮಾರ್ಚ್ 20

ಬೆಳಿಗ್ಗೆ ಶಾಹಿ ಜಿಂದಾ. ಗುಡ್ಡದ ಮೇಲೆ ಕಿರಿದಾದ ಓಣಿ, ಎರಡು ಕಡೆ ಸಮಾಧಿ ಮಂದಿರಗಳು. 1372ರ ಶಾದಿ ಮುಲ್ಕ್ ಅಕಾ ಸಮಾಧಿಯ ಗೋಡೆಯಲ್ಲಿ ಬೆರಳು ತೂರುವಷ್ಟು ಆಳಕ್ಕೆ ಕೆತ್ತಿ ಮೆರುಗು ಕೊಟ್ಟ ಟೈಲ್ಸ್ ಇವೆ. ಇಡೀ ಪ್ರವಾಸದಲ್ಲಿ ಅದಕ್ಕಿಂತ ಚೆಂದದ ನೀಲಿಯನ್ನು ನಾನು ಕಾಣಲಿಲ್ಲ.

ಅಲ್ಲಿಂದ ಕೋನಿಗಿಲ್ ಹಳ್ಳಿಯ ಕಾಗದದ ಗಿರಣಿ. ಶಿಡ್ಲಘಟ್ಟದವನ ಹಟಕ್ಕೆ ಹೋದದ್ದು. ಹಿಪ್ಪುನೇರಳೆ ಕೊಂಬೆಯ ತೊಗಟೆ ಸುಲಿದು, ಬೇಯಿಸಿ, ನೀರಿನ ಚಕ್ರದಿಂದ ಎದ್ದು ಬೀಳುವ ಒನಕೆಗಳಲ್ಲಿ ಕುಟ್ಟಿ, ಜರಡಿಯಲ್ಲಿ ಎತ್ತಿ ಒಣಗಿಸುತ್ತಾರೆ. ಆಮೇಲೆ ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ಕಾಗದಕ್ಕೆ ಉಜ್ಬೆಕ್ ಭಾಷೆಯಲ್ಲೂ ಕಾಗಜ್ ಎನ್ನುವಂಥದ್ದೇ ಹೆಸರು. “ನಾವು ಎಲೆ ಹುಳುವಿಗೆ ಹಾಕಿ ಕಡ್ಡಿಯನ್ನು ಒಲೆಗೆ ಹಾಕುತ್ತೇವೆ” ಎಂದು ಅವನು ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ. ಅಪ್ಪನಿಗೆಂದು ಎರಡು ಹಾಳೆ ಕೊಂಡ.

ಸಂಜೆಯ ರೈಲಿಗೆ ಬುಖಾರಾ. ಗೆಳತಿಯ ಮನೆ ಹಳೆಯ ಮೊಹಲ್ಲಾದಲ್ಲಿ. ಇಲ್ಲಿಯೂ ಅದನ್ನು ಮಹಲ್ಲಾ ಎಂದೇ ಕರೆಯುತ್ತಾರೆ. ಅವಳ ಅಣ್ಣನನ್ನು ನಾವೆಲ್ಲ ‘ಅಕಾ’ ಎಂದೆವು. ಉಜ್ಬೆಕ್ ಭಾಷೆಯಲ್ಲಿ ಅಣ್ಣನಿಗೆ ಅಕಾ, ಅಕ್ಕನಿಗೆ ಓಪಾ. ಕಲಬುರಗಿಯ ಅಕ್ಕನನ್ನು ನಾನು ಕರೆದಾಗಲೆಲ್ಲ ಆ ಅಣ್ಣ ತಿರುಗಿ ನೋಡುತ್ತಿದ್ದರು.

ಅಂದು ನವ್ರೋಜ್ ಹಿಂದಿನ ರಾತ್ರಿ, ಸುಮಲಕ್ ಕಾಯಿಸುವ ರಾತ್ರಿ. ಅಂಗಳದಲ್ಲಿ ಕಟ್ಟಿಗೆ ಒಲೆ, ಮೇಲೆ ನಾಲ್ಕು ಜನ ಹಿಡಿದು ಎತ್ತಬೇಕಾದ ಕಡಾಯಿ. ಮೊಳಕೆ ಬರಿಸಿದ ಗೋಧಿಯನ್ನು ಅರೆದು ಹಿಂಡಿದ ಹಾಲು, ಹಿಟ್ಟು, ಎಣ್ಣೆ, ಇಷ್ಟೇ. ಸಕ್ಕರೆಯಿಲ್ಲ. ತಳ ಹಿಡಿಯದಂತೆ ತೊಳೆದ ಬೆಣಚು ಕಲ್ಲುಗಳನ್ನು ಒಳಗೆ ಹಾಕುತ್ತಾರೆ. ಓಣಿಯ ಹೆಂಗಸರೆಲ್ಲ ಸರದಿಯ ಮೇಲೆ ಬೆಳಗಿನವರೆಗೆ ಕೈ ಬಿಡದೆ ತಿರುವುತ್ತಾರೆ, ಹಾಡುತ್ತಾರೆ. ನಡುರಾತ್ರಿ ದಾಟಿದ ಮೇಲೆ ನನ್ನ ಸರದಿ ಬಂತು. ಉದ್ದನೆಯ ಮರದ ಸೌಟು, ಕೆಳಗೆ ಕಲ್ಲುಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುವುದು ಕೈಗೆ ಕೇಳಿಸುತ್ತದೆ. ಹೊಗೆ ಕಣ್ಣಿಗೆ ಬಂದರೂ ನಿಲ್ಲಿಸುವಂತಿಲ್ಲ. ಗೆಳತಿಯ ಅಜ್ಜಿ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು, ತಳದವರೆಗೆ ಒತ್ತಿ ತಿರುವುವುದನ್ನು ತೋರಿಸಿದರು. ಹುಗ್ಗಿ ತಿರುವುವಾಗ ನಮ್ಮ ಅಜ್ಜಿಯೂ ಹೀಗೆಯೇ ಕೈ ಹಿಡಿಯುತ್ತಿದ್ದರು.

ನಾಲ್ಕನೆಯ ದಿನ, ಮಾರ್ಚ್ 21

ಬೆಳಿಗ್ಗೆ ಬಟ್ಟಲಿನಲ್ಲಿ ಸುಮಲಕ್. ಕಡುಕಂದು, ಸಿಹಿ, ಸ್ವಲ್ಪ ಸುಟ್ಟ ವಾಸನೆ. ಬಟ್ಟಲಿಗೆ ಕಲ್ಲು ಬಂದವರಿಗೆ ವರ್ಷ ಒಳ್ಳೆಯದಾಗುತ್ತದಂತೆ. ಬಂದದ್ದು ಕೇರಳದ ಹುಡುಗನಿಗೆ. ಆಮೇಲೆ ಊರೆಲ್ಲ ಡೋಲು, ಹೊಸ ಬಟ್ಟೆ.

ಬುಖಾರಾವನ್ನು ಆಳಿದ ಸಮಾನಿದ್ ಅರಸರ ಸಮಾಧಿಯನ್ನು ಜನ ಸೇರುವ ಮೊದಲೇ ನೋಡಿದೆವು. 10ನೆಯ ಶತಮಾನದ ಆರಂಭದ್ದು. ಚಿಕ್ಕದೊಂದು ಚೌಕದ ಕಟ್ಟಡ, ಬಣ್ಣವೇ ಇಲ್ಲ, ಬರೀ ಇಟ್ಟಿಗೆ. ಆದರೆ ಆ ಇಟ್ಟಿಗೆಯನ್ನು ಬುಟ್ಟಿ ಹೆಣೆದಂತೆ ಹೆಣೆದಿದ್ದಾರೆ. ಬಿಸಿಲು ಓರೆಯಾಗಿ ಬಿದ್ದಾಗ ನೆರಳೇ ಬಣ್ಣವಾಗುತ್ತದೆ. ಅಲ್ಲಿಂದ ಕಲ್ಯಾಣ್ ಮಿನಾರ್, 1127ರದ್ದು, 45 ಮೀಟರಿಗೂ ಎತ್ತರ. ಚೆಂಗಿಸ್ ಖಾನ್ 1220ರಲ್ಲಿ ಊರನ್ನೆಲ್ಲ ಸುಟ್ಟರೂ ಇದನ್ನು ಉಳಿಸಿದ. ಇದೂ ಇಟ್ಟಿಗೆಯದೇ. ಆದರೆ ಕತ್ತೆತ್ತಿ ನೋಡಿದರೆ ನೆತ್ತಿಯ ಕೆಳಗೆ ಒಂದೇ ಒಂದು ತೆಳ್ಳಗಿನ ನೀಲಿ ಪಟ್ಟಿ. ಸಮರ್ಕಂದಿನ ನೀಲಿ ಸಮುದ್ರಕ್ಕೆ, ನಮ್ಮ ಬೀದರಿನ ಚೂರುಗಳಿಗೆ ಆ ಪಟ್ಟಿಯೇ ಮೊದಲ ಹನಿ ಎಂದು ನಾನು ಅಂದುಕೊಂಡೆ. ಉಳಿದ ಗೋಪುರಗಳ ಫೋಟೋ ಇಲ್ಲದಿದ್ದರೂ ಆ ಪಟ್ಟಿಯ ಫೋಟೋ ನನ್ನ ಬಳಿ ಹನ್ನೆರಡಿವೆ.

ಉಲೂಗ್ ಬೇಗ್ ಇಲ್ಲಿಯೂ 1417ರಲ್ಲಿ ಒಂದು ಮದರಸಾ ಕಟ್ಟಿಸಿದ್ದಾನೆ. ವಿದ್ಯೆ ಅರಸುವುದು ಮುಸ್ಲಿಂ ಗಂಡಸು ಹೆಂಗಸು ಇಬ್ಬರ ಕರ್ತವ್ಯ ಎಂಬ ಮಾತು ಅಲ್ಲಿದೆ. ಗೆಳತಿ ಅದನ್ನು ನಮಗೆ ನಿಧಾನವಾಗಿ ಬಿಡಿಸಿ ಹೇಳಿದಳು. ಅವಳ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳು.

ಬಜಾರಿನ ಗುಮ್ಮಟಗಳಲ್ಲಿ ಒಂದರ ಹೆಸರು ತೋಕಿ ಸರ್ರಾಫೋನ್, ಹಣ ವಿನಿಮಯ ಮಾಡುವವರ ಕಟ್ಟೆ. ನಮ್ಮ ಊರುಗಳ ಸರಾಫ ಬಜಾರಿನ ಸರಾಫನೇ ಅವನು. ಮುಲ್ತಾನ್ ಮತ್ತು ಸಿಂಧ್ ಪ್ರಾಂತ್ಯದ ಶಿಕಾರಪುರಗಳಿಂದ ಬಂದ ಹಿಂದೂ ವ್ಯಾಪಾರಿಗಳು ಬುಖಾರಾದಲ್ಲಿ ಬಡ್ಡಿಗೆ ಹಣ ಕೊಡುತ್ತಿದ್ದರು. ಇನ್ನೊಂದು ಓಣಿಯಲ್ಲಿ ಚೋರ್ ಮಿನೋರ್, 1807ರದ್ದು, ನಾಲ್ಕು ಗೋಪುರಗಳ ಪುಟ್ಟ ಕಟ್ಟಡ. ಹೈದರಾಬಾದಿನ ಚಾರ್‌ಮಿನಾರ್ ನೋಡಿ ಬೆಳೆದ ನಮಗೆ ಅದು ಅದರ ಮೊಮ್ಮಗಳಂತೆ ಕಂಡಿತು.

ಸಂಜೆ ಲ್ಯಾಬಿ ಹೌಜ್ ಕೊಳದ ಬಳಿ ಕುಳಿತೆವು. 1620ರ ಕೊಳ, ಸುತ್ತ ಮುದಿ ಹಿಪ್ಪುನೇರಳೆ ಮರಗಳು. ನಮ್ಮ ಮನೆಯ ಹಿತ್ತಲ ನೀರಿನ ತೊಟ್ಟಿಯನ್ನು ಅಜ್ಜಿ ಇವತ್ತಿಗೂ ಹೌದ ಎನ್ನುತ್ತಾರೆ, ಅದೂ ಇದೇ ಶಬ್ದ. ಇಂಥ ಹೌಜ್‌ಗಳ ನೀರನ್ನೇ ಬುಖಾರಾದವರು ಕುಡಿಯುತ್ತಿದ್ದರು. ಅದರಿಂದ ರಿಷ್ಟಾ ಎಂಬ ಕಾಯಿಲೆ ಊರನ್ನು ಕಾಡುತ್ತಿತ್ತು. ಅದು ನಮ್ಮ ನಾರುಹುಣ್ಣು. ಕಾಲಿನ ಬೊಬ್ಬೆಯಿಂದ ಹೊರಬರುವ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುತ್ತಿದ್ದರು ಎಂದು ಅಜ್ಜಿ ಹೇಳಿದ್ದು, ಪರೋಪಜೀವಿಗಳ ಪಾಠದಲ್ಲಿ ಓದಿದ್ದು, ಎರಡೂ ಇಲ್ಲಿ ಒಂದಾದವು. ಲಿಯೊನಿದ್ ಇಸಾಯೆವ್ ಎಂಬ ವೈದ್ಯರ ಮುಂದಾಳುತನದಲ್ಲಿ ಹೌಜ್‌ಗಳನ್ನು ಬತ್ತಿಸಿ, ರೋಗಿಗಳನ್ನು ಹುಡುಕಿ, 1930ರ ದಶಕದ ಆರಂಭಕ್ಕೆ ಬುಖಾರಾದಿಂದ ಅದನ್ನು ಓಡಿಸಿದರು. ಕರ್ನಾಟಕದ ಮೆಟ್ಟಿಲುಬಾವಿಗಳ ಊರುಗಳಲ್ಲಿ ಅದು ಇನ್ನೂ ದಶಕಗಳ ಕಾಲ ಇತ್ತು. ಭಾರತ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2000ದಲ್ಲಿ. ಖಾನರ ಹೆಸರಿನಷ್ಟೇ ದೊಡ್ಡದಾಗಿ ಆ ವೈದ್ಯರ ಹೆಸರನ್ನೂ ಈ ಕೊಳದ ಬಳಿ ಹೇಳಬೇಕು.

ಐದನೆಯ ದಿನ, ಮಾರ್ಚ್ 22

ಯುಗಾದಿ. ಅಮ್ಮ ಜನವರಿಯಲ್ಲೇ ಒಣಗಿದ ಬೇವಿನ ಹೂವಿನ ಪೊಟ್ಟಣ ಕಳಿಸಿದ್ದರು. ಬೆಲ್ಲ ಮುಗಿದುಹೋಗಿತ್ತು. ಬುಖಾರಾದ ಬಜಾರಿನಲ್ಲಿ ಕಲ್ಲಿನಂತೆ ಹೊಳೆಯುವ ಹಳದಿ ಕಲ್ಲುಸಕ್ಕರೆ ಸಿಗುತ್ತದೆ, ನವ್ವೋತ್ ಎನ್ನುತ್ತಾರೆ. ಅದನ್ನು ಕುಟ್ಟಿ, ಬೇವಿನ ಹೂ ಬೆರೆಸಿ, ಹಿಂದಿನ ದಿನ ಉಳಿದ ಸುಮಲಕ್ ಒಂದು ಚಮಚ ಸೇರಿಸಿದೆವು. ಗೆಳತಿಯ ಅಜ್ಜಿ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. ಕಹಿ ಏಕೆ ಎಂದು ಕೇಳಿದರು. ಗೆಳತಿ ಅರ್ಥ ಹೇಳಿದ ಮೇಲೆ ಇನ್ನೊಂದು ಚಮಚ ಕೇಳಿ ತಿಂದರು.

ನಂತರ ದಿನವೆಲ್ಲ ಬಾಡಿಗೆಯ ವ್ಯಾನಿನಲ್ಲಿ ಕಿಜಿಲ್‌ಕುಮ್ ಮರುಭೂಮಿ. ನಡುವೆ ಒಂದು ಕಡೆ ಟಯರ್ ಒಡೆದು ಗಂಟೆಗೂ ಹೆಚ್ಚು ನಿಂತೆವು. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಸಂಜೆಗೆ ಅಮು ದರ್ಯಾ ನದಿ ಕಂಡಿತು, ಮಣ್ಣಿನ ಬಣ್ಣದ ಅಗಲವಾದ ನೀರು. ಕತ್ತಲಾದ ಮೇಲೆ ಖೀವಾ.

ಆರನೆಯ ದಿನ, ಮಾರ್ಚ್ 23

ರಂಜಾನ್ ಮೊದಲ ಉಪವಾಸದ ದಿನ. ಇಚಾನ್ ಕಲಾ ಎಂಬ ಒಳಕೋಟೆಯ ಓಣಿಗಳು ಖಾಲಿಯಿದ್ದವು. ಪಡುವಣ ಬಾಗಿಲಿನ ಹೆಸರು ಓತಾ ದರ್ವೋಜಾ, ಅಪ್ಪ ದರವಾಜಾ. ಅದರ ಹೊರಗೆ ಅಲ್ ಖ್ವಾರಿಜ್ಮಿಯ ಪ್ರತಿಮೆ. ಹಿಂದೂ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಅವನು ಬರೆದ, ಅವನ ಹೆಸರಿನಿಂದಲೇ ಅಲ್ಗಾರಿದಮ್ ಎಂಬ ಶಬ್ದ ಬಂತು. ಜುಮಾ ಮಸೀದಿಯೊಳಗೆ ಇನ್ನೂರಕ್ಕೂ ಹೆಚ್ಚು ಮರದ ಕಂಬಗಳು, ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ಕತ್ತಲೆಯ ಕಾಡಿನಲ್ಲಿ ನಡೆದಂತಾಯಿತು.

ಬಾಗಿಲ ಒಳಗೇ ನಿಂತದ್ದು ಕಲ್ತಾ ಮಿನೋರ್. ಗಿಡ್ಡ ಮಿನಾರ್ ಎಂದರ್ಥ. ಮುಹಮ್ಮದ್ ಅಮೀನ್ ಖಾನ್ ಲೋಕದಲ್ಲೇ ಎತ್ತರದ್ದನ್ನು ಕಟ್ಟಿಸಲು ಹೊರಟು, 1855ರಲ್ಲಿ ಯುದ್ಧದಲ್ಲಿ ಸತ್ತ. ಕೆಲಸ ಅಲ್ಲಿಗೇ ನಿಂತಿತು. ದಪ್ಪನೆಯ ಪೀಪಾಯಿಯಂತೆ, ಬುಡದಿಂದ ಕಡೆಯ ಇಟ್ಟಿಗೆಯವರೆಗೆ ಹಸಿರು, ನೀಲಿ, ಬಿಳಿ ಟೈಲ್ಸ್. ಮೇಲಕ್ಕೆ ಹೋಗದೆ ಉಳಿದ ಮಿನಾರನ್ನು ಊರವರು ಮುಗಿಸಲೂ ಇಲ್ಲ, ಕೆಡವಲೂ ಇಲ್ಲ. ಖೀವಾ ಎಂದರೆ ಈಗ ಎಲ್ಲರೂ ಅದರ ಚಿತ್ರವನ್ನೇ ಹಾಕುತ್ತಾರೆ. ಅದರ ನೆರಳಿನಲ್ಲಿ ಕುಳಿತು ನಾನು ಅಪ್ಪನಿಗೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಬಿಸಿಲು ಬಿದ್ದಾಗ ಮದರಸಾದ ಫೋಟೋ ತೆಗೆದು ಕಳಿಸಿ ಎಂದೆ. ಮದರಸಾದ ಮುಖ ಪೂರ್ವಕ್ಕಿದೆ. “ಯಾವ ಕಡೆಯದು?” ಎಂದು ಕೇಳಿದರು. “ಮಿನಾರ್ ಇಲ್ಲದ ಕಡೆಯದೂ ಬೇಕು” ಎಂದೆ.

ರಾತ್ರಿ ತಾಷ್ಕೆಂಟಿನ ರೈಲು. ಬೆಳಿಗ್ಗೆ ಎದ್ದಾಗ ಮೊಬೈಲಿನಲ್ಲಿ ಎರಡು ಚಿತ್ರಗಳು ಬಂದಿದ್ದವು. ಮೊದಲನೆಯದರಲ್ಲಿ ಮಿನಾರ್. ಬೆರಳಿನಿಂದ ದೊಡ್ಡದು ಮಾಡಿದೆ: ಅಂಕುಡೊಂಕಾಗಿ ಏರುವ ಗೆರೆಗಳಲ್ಲಿ ಉಳಿದ ನೀಲಿ. ಎರಡನೆಯದರಲ್ಲಿ ಖಾಲಿ ಮೂಲೆ, ಮೇಲೆ ಆಕಾಶ, ಕೆಳಗೆ ಕುಸಿದ ಕಲ್ಲುಗಳ ಮೇಲೆ ಬೆಳೆದ ಹುಲ್ಲು. ಅಕ್ಕ, ಗೆಳತಿ, ಎಲ್ಲರೂ ಬರ್ತಿನಿಂದ ಬಗ್ಗಿ ನೋಡಿದರು. ಗೆಳತಿ ಆ ಖಾಲಿ ಆಕಾಶದ ಮೇಲೆ ಬೆರಳಿಟ್ಟು, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಒಂದು ಗೆರೆ ಎಳೆದಳು.